ಹಳೇ ಮನೆ ಕೊಳ್ಳುವ ಮುಂಚೆ: ಗೌಂಡಿಯೋ, ಇಂಜಿನಿಯರೋ?

ಹುಬ್ಬಳ್ಳಿಯಲ್ಲಿ ಹಳೇ ಮನೆ ನೋಡುತ್ತಿದ್ದೀರಾ? ಪರಿಚಯದ ಗೌಂಡಿಯನ್ನು ಕರೆದೊಯ್ದರೆ ಖರ್ಚು ಕಡಿಮೆ. ಪ್ಲಾಸ್ಟರ್ ತಟ್ಟಿ ಟೊಳ್ಳು ಸದ್ದು ಹಿಡಿಯುತ್ತಾರೆ, ರಿಪೇರಿಗೆ ಎಷ್ಟಾಗುತ್ತದೆ ಅಂತ ನಿಂತಲ್ಲೇ ಹೇಳುತ್ತಾರೆ. ಆದರೆ ಬರೆದು ಕೊಡುವುದಿಲ್ಲ.

ಸಿವಿಲ್ ಇಂಜಿನಿಯರ್ ಫೀ ಜಾಸ್ತಿ. ಫೋಟೊ ಸಮೇತ ವರದಿ ಸಿಗುತ್ತದೆ, ಚೌಕಾಸಿಗೆ ಅದೇ ಆಧಾರ. ಈ ಕಡೆಯ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಹೋದ ಬಿರುಕು ಒಂದು ತುದಿಗೆ ಅಗಲವಾಗಿದ್ದರೆ ಪಾಯ ಕುಸಿದಿರಬಹುದು. ಕೂದಲೆಳೆಯಂಥ ಬಿರುಕು ಬರೀ ಪ್ಲಾಸ್ಟರಿನದಿರಬಹುದು. ಇದನ್ನು ಬಿಡಿಸಿ ಹೇಳಲು ಇಂಜಿನಿಯರೇ ಬೇಕು, ಎರೆ ನೆಲದ ಮನೆಗಂತೂ ನಾನು ಅವರನ್ನೇ ಕರೆಯಿರಿ ಅನ್ನುತ್ತೇನೆ. ಹೊಸ ಬಣ್ಣದ ಹಿಂದಿನ ತೇವವನ್ನೂ ಮೀಟರ್ ಇಟ್ಟು ನೋಡುತ್ತಾರೆ.

ಗೋಡೆಯೊಳಗಿನ ಪೈಪು ಇಬ್ಬರ ಕಣ್ಣಿಗೂ ಬೀಳದು. ಕಾಗದಪತ್ರಕ್ಕೆ ವಕೀಲರು ಬೇರೆ. ಮಳೆಗಾಲದಲ್ಲೇ ತೋರಿಸಿದರೆ ಒಳ್ಳೆಯದು, ಸೋರುವ ಜಾಗ ಅಡಗುವುದಿಲ್ಲ.