ಅಡಿಕೆ ನಾರಿನ ಎಳೆತ ಪರೀಕ್ಷೆ: ಕೆಲಸ ಅಚ್ಚುಕಟ್ಟು, ವರದಿ ಸಾಲದು

ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ಸುಲಿದ ಮೇಲೆ ಉಳಿಯುವ ಸಿಪ್ಪೆ ರಾಶಿ ಬಿದ್ದು ಕೊಳೆಯುತ್ತದೆ. ಅದರ ನಾರನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಕೂರಿಸಿ ಹಲಗೆ ಮಾಡುವ ಸಣ್ಣ ಘಟಕ ನಮ್ಮದು. ನಾರು ಎಷ್ಟು ಎಳೆತ ತಾಳುತ್ತದೆ ಎಂದು ಕೊಳ್ಳುವವರು ಕೇಳುತ್ತಾರೆ. ಹಾಗಾಗಿ ಶಿವಮೊಗ್ಗದ ಒಂದು ಖಾಸಗಿ ಪ್ರಯೋಗಾಲಯಕ್ಕೆ ಪರೀಕ್ಷೆಗೆ ಕೊಟ್ಟಿದ್ದೆ.

ಅಲ್ಲಿನ ತಂತ್ರಜ್ಞೆಯ ಕೈಚಳಕ ನೋಡಿಯೇ ನಂಬಿಕೆ ಬಂತು. ದಪ್ಪ ಕಾಗದದಲ್ಲಿ ಪುಟ್ಟ ಕಿಟಕಿ ಕತ್ತರಿಸಿ, ಒಂದೇ ಎಳೆಯನ್ನು ಅದರ ನಡುವೆ ನೆಟ್ಟಗೆ ಹಾಸಿ, ಎರಡೂ ತುದಿಗೆ ಅಂಟು ಹಾಕಿದರು. ಚೌಕಟ್ಟನ್ನು ಯಂತ್ರದ ಹಿಡಿಕೆಗಳಿಗೆ ಸಿಕ್ಕಿಸಿ, ಆಮೇಲೆ ಕಾಗದದ ಎರಡು ಬದಿಗಳನ್ನು ಕತ್ತರಿಸಿದರು. ಆಗ ಎಳೆತವೆಲ್ಲ ನಾರಿನ ಮೇಲೆಯೇ ಬೀಳುತ್ತದೆ. ಹಿಡಿಕೆಯ ಬಾಯಲ್ಲೇ ತುಂಡಾದ ಎಳೆಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ದಪ್ಪವನ್ನೂ ಸೂಕ್ಷ್ಮದರ್ಶಕದಲ್ಲಿ ಎಳೆಯುದ್ದಕ್ಕೂ ಹಲವು ಕಡೆ ಅಳೆದರು. ಅಡಿಕೆ ನಾರು ಒಂದೇ ಸಮ ಇರುವುದಿಲ್ಲ, ಪೂರ್ತಿ ಗುಂಡಗೂ ಇರುವುದಿಲ್ಲ. 0.3 ಮಿ.ಮೀ. ದಪ್ಪದ ಎಳೆ 10 ನ್ಯೂಟನ್ ಬಲಕ್ಕೆ ತುಂಡಾದರೆ ಅದರ ಸಾಮರ್ಥ್ಯ ಸುಮಾರು 141 ಮೆಗಾಪ್ಯಾಸ್ಕಲ್, ಅಂದರೆ ಚದರ ಮಿ.ಮೀ.ಗೆ 141 ನ್ಯೂಟನ್. ದಪ್ಪವನ್ನು 0.33 ಎಂದು ಓದಿದರೆ ಅದೇ ಎಳೆ 117ಕ್ಕೆ ಇಳಿಯುತ್ತದೆ! ಇಷ್ಟು ತಾಳ್ಮೆಯಿಂದ ಅಳೆಯುವವರು ಸಿಕ್ಕಿದ್ದು ನನಗೆ ನಿಜಕ್ಕೂ ಸಂತೋಷ.

ಇಷ್ಟೆಲ್ಲ ಮಾಡಿ ವರದಿಯಲ್ಲಿ ಕೊಟ್ಟದ್ದು ಸರಾಸರಿ ಒಂದೇ. ಹಿಡಿಕೆಗಳ ನಡುವೆ ಎಳೆಯ ಉದ್ದ ಎಷ್ಟಿತ್ತು ಎಂಬುದೂ ಇಲ್ಲ. ಎಳೆ ಉದ್ದವಾದಷ್ಟೂ ಅದರಲ್ಲಿ ದುರ್ಬಲ ಜಾಗ ಇರುವ ಸಂಭವ ಹೆಚ್ಚು. ಹಾಗಾಗಿ 10 ಮಿ.ಮೀ. ಎಳೆಯ ಅಂಕಿಯನ್ನು 50 ಮಿ.ಮೀ. ಎಳೆಯದರ ಜೊತೆ ಹೋಲಿಸಲು ಬರುವುದಿಲ್ಲ. ಹಲಗೆಯಲ್ಲಿ ಮೊದಲು ಕೈಕೊಡುವುದು ದುರ್ಬಲ ಎಳೆಗಳೇ, ಅವು ಎಷ್ಟಿವೆ ಎಂದು ಸರಾಸರಿ ಹೇಳುವುದಿಲ್ಲ. ಒಂದೊಂದು ಎಳೆಯ ಅಂಕಿಯೂ ಕೈಯಲ್ಲಿದ್ದರೆ ಎಷ್ಟು ಎಳೆತಕ್ಕೆ ಎಷ್ಟು ಪಾಲು ಎಳೆ ತುಂಡಾಗಬಹುದು ಎಂದು ವೈಬುಲ್ ಎಂಬ ಸಂಖ್ಯಾಶಾಸ್ತ್ರದ ವಿಧಾನದಲ್ಲಿ ಲೆಕ್ಕ ಹಾಕಬಹುದು. ಒತ್ತಾಯಿಸಿದ ಮೇಲೆ ಎಲ್ಲವನ್ನೂ ಕಳಿಸಿದರು. ಪೂರ್ತಿ ಶುಲ್ಕ ಕೊಟ್ಟವರು ಹೀಗೆ ಬೆನ್ನು ಹತ್ತುವಂತೆ ಆಗಬಾರದು. ನೀವು ಹೋಗುವುದಾದರೆ ಒಂದೊಂದು ಎಳೆಯ ಅಂಕಿಯೂ ಉದ್ದವೂ ಬೇಕೆಂದು ಅರ್ಜಿಯಲ್ಲಿಯೇ ಬರೆದುಕೊಡಿ.

ನಮ್ಮ ಮಳೆಗಾಲದಲ್ಲಿ ನಾರು ತೇವ ಹೀರುತ್ತದೆ, ಅಂಕಿಯೂ ಬದಲಾಗುತ್ತದೆ. ಅಲ್ಲಿ ಪರೀಕ್ಷೆಗೆ ಮೊದಲು ಶೇ. 65 ತೇವಾಂಶದ ಕೋಣೆಯಲ್ಲಿ ನಾರನ್ನು ಇಡುತ್ತಾರೆ, ಅದು ಸರಿಯಾದ ಕ್ರಮ. ಕಾರ್ಬನ್ ನಾರಿನವರು ಮಾತ್ರ ಬೇರೆ ಕಡೆ ನೋಡುವುದು ಒಳ್ಳೆಯದು. 7 ಮೈಕ್ರಾನ್ ದಪ್ಪದ, ಟಿ300 ಎಂಬ ಬಗೆಯ ಕಾರ್ಬನ್ ಎಳೆ ಸುಮಾರು 0.14 ನ್ಯೂಟನ್‌ಗೇ ತುಂಡಾಗುತ್ತದೆ. ಅಲ್ಲಿರುವ 100 ನ್ಯೂಟನ್‌ನ ಲೋಡ್ ಸೆಲ್ (ಬಲ ಅಳೆಯುವ ಸಾಧನ) ಅಷ್ಟು ಸಣ್ಣ ಬಲವನ್ನು ನಂಬುವಂತೆ ತೋರಿಸಲಾರದು.