ರಿಸೀವರ್ ತಗೊಳ್ಳುವ ಮುಂಚೆ ಅದರ ಹಿಂಭಾಗ ನೋಡಿ

ಕಾಫಿ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ಕೊಡಗಿನ ಮನೆಗಳಿಗೆ ಏನಾದರೊಂದು ದೊಡ್ಡ ಸಾಮಾನು ಬರುವುದು ವಾಡಿಕೆ. ಈಚೆಗೆ ಆ ಸಾಲಿಗೆ ಹೋಮ್ ಥಿಯೇಟರ್ ಕೂಡ ಸೇರಿದೆ. ಯಾರಾದರೂ ನಿಮಗೆ "ಇಂಪೋರ್ಟೆಡ್ ಪೀಸ್, ಅರ್ಧ ರೇಟಿಗೆ ಕೊಡ್ತೀನಿ, ಜೊತೆಗೊಂದು ಟ್ರಾನ್ಸ್‌ಫಾರ್ಮರ್ ಫ್ರೀ" ಅಂದರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ. ನಮ್ಮ ಮನೆಗೆ ಬಂದದ್ದು ಅಂಥದ್ದೇ ಒಂದು ಎ.ವಿ. ರಿಸೀವರ್, ಅಂದರೆ ಟಿ.ವಿ., ಡಿಸ್ಕ್ ಪ್ಲೇಯರಿನ ಸದ್ದು ತಗೊಂಡು ಎಲ್ಲ ಸ್ಪೀಕರಿಗೂ ಹಂಚುವ ಯಂತ್ರ. ಅದು ಒಂದು ಮಳೆಗಾಲವನ್ನೂ ಪೂರ್ತಿ ದಾಟಲಿಲ್ಲ.

ಅಂಗಡಿ ಯಾವುದು ಅಂತ ಹೇಳುವುದಿಲ್ಲ, ಹೊರ ಜಿಲ್ಲೆಯದು. ಏಳು ಚಾನೆಲ್‌ನ, ಅಂದರೆ ಏಳು ಸ್ಪೀಕರ್ ಓಡಿಸುವ ರಿಸೀವರ್, ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಸಾವಿರ ವಾಟ್. ಕಂಪನಿ ವಾರಂಟಿ ಇದೆಯಾ ಅಂತ ನಾನೂ ಅಣ್ಣನೂ ಬಾಯಿಬಿಟ್ಟು ಕೇಳಿದೆವು. ಇದೆ ಅಂದರು. ಕಾರ್ಡಿಗೆ ಅಂಗಡಿಯ ಸೀಲ್ ಒತ್ತಿಯೂ ಕೊಟ್ಟರು. ಅಮೆರಿಕದ ಮಾಡೆಲ್, ಕ್ವಾಲಿಟಿ ಜಾಸ್ತಿ, ಇಲ್ಲಿನ ಕರೆಂಟಿಗೆ ಈ ಟ್ರಾನ್ಸ್‌ಫಾರ್ಮರ್ ಸಾಕು ಅಂತ ಧೈರ್ಯ ಹೇಳಿ ಕಳಿಸಿದರು.

ಬೇಸಿಗೆಯಲ್ಲಿ ಚೆನ್ನಾಗಿಯೇ ಹಾಡಿತು. ಒಂದು ವಿಚಿತ್ರ ಮಾತ್ರ ಮೊದಲಿಂದಲೂ ಇತ್ತು. ರೇಡಿಯೋದಲ್ಲಿ ಮಡಿಕೇರಿ ಆಕಾಶವಾಣಿ 103.1 ಸಲೀಸಾಗಿ ಸಿಕ್ಕಿತು. ಮೈಸೂರಿನ 100.6 ಹಾಕಲು ಹೋದರೆ 100.5ರಿಂದ ನೇರ 100.7ಕ್ಕೆ ಹಾರುತ್ತಿತ್ತು. ಅಮೆರಿಕದಲ್ಲಿ ಎಫ್‌ಎಂ ಸ್ಟೇಷನ್‌ಗಳ ನಡುವೆ 0.2 ಮೆಗಾಹರ್ಟ್ಸ್ ಅಂತರ, ಕೊನೆಗೆ ಯಾವಾಗಲೂ ಬೆಸ ಅಂಕೆ. ಅಲ್ಲಿಗೆಂದು ಮಾಡಿದ ರೇಡಿಯೋಗಳು ಸಾಮಾನ್ಯವಾಗಿ ನಮ್ಮ ಸಮ ಅಂಕೆಯ ಸ್ಟೇಷನ್‌ಗಳನ್ನು ದಾಟಿ ಹೋಗುತ್ತವೆ.

ಆಮೇಲೆ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ ಹಿಡಿಯಿತು. ಆ ತಿಂಗಳು ನಮ್ಮ ಕಡೆ ಕರೆಂಟ್ ಹೇಗಿರುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಮರ ಬೀಳುತ್ತದೆ, ಲೈನ್ ಹೋಗುತ್ತದೆ, ಬಂದರೆ ಒಮ್ಮೆ ಮಿಣಮಿಣ, ಇನ್ನೊಮ್ಮೆ ಬಲ್ಬ್ ಉರಿದೇ ಹೋಗುವಷ್ಟು ಜೋರು. ಹಾಗೆ ಒಂದು ಸಂಜೆ ಕರೆಂಟ್ ಬಂದಾಗ ಟಿ.ವಿ. ಹಿಂದಿನಿಂದ ಟಪ್ ಅಂತ ಸದ್ದಾಯಿತು. ಸುಟ್ಟ ವಾರ್ನಿಷ್ ವಾಸನೆ ಹಾಲ್ ತುಂಬ ಹರಡಿತು. ರಿಸೀವರ್ ಮತ್ತೆ ಆನ್ ಆಗಲೇ ಇಲ್ಲ.

ನಮ್ಮ ಎಲೆಕ್ಟ್ರಿಷಿಯನ್ ಮೊದಲು ಆ ಫ್ರೀ ಟ್ರಾನ್ಸ್‌ಫಾರ್ಮರ್ ಬಿಚ್ಚಿದರು. ಕಬ್ಬಿಣದ ಡಬ್ಬ, ಒಳಗೆ ಒಂದೇ ಒಂದು ಸುರುಳಿ. ಅದರ ನಡುವಿನಿಂದ ಒಂದು ತಂತಿ ಹೊರಗೆ ತೆಗೆದಿದ್ದರು. ಸುರುಳಿಯ ಕೆಳಗಿನ ಭಾಗ ಕಪ್ಪಾಗಿ, ಒಂದು ಕಡೆ ತಂತಿ ತುಂಡಾಗಿತ್ತು. ಇದಕ್ಕೆ ಆಟೋ ಟ್ರಾನ್ಸ್‌ಫಾರ್ಮರ್ ಅನ್ನುತ್ತಾರೆ. ಒಳಬರುವ ಕರೆಂಟಿಗೂ ಹೊರಹೋಗುವ ಕರೆಂಟಿಗೂ ಬೇರೆ ಬೇರೆ ಸುರುಳಿ ಇರುವುದಿಲ್ಲ. ಕೆಳಗಿನ ಅರ್ಧ ತುಂಡಾದರೆ ಗೋಡೆಯ 230 ವೋಲ್ಟ್ ಹಾಗೇ ಯಂತ್ರಕ್ಕೆ ನುಗ್ಗುತ್ತದೆ. ರಿಸೀವರ್‌ನ ಹಿಂದಿನ ಪಟ್ಟಿಯಲ್ಲಿ ಬರೆದಿದ್ದದ್ದು 120 ವೋಲ್ಟ್, 60 ಹರ್ಟ್ಸ್. ಉಳಿಯುವುದು ಹೇಗೆ?

ಸುರುಳಿ ಸುಡದಿದ್ದರೂ ಈ ಜೋಡಿ ನಮ್ಮ ಊರಿಗೆ ಹೊಂದುವುದಲ್ಲ. ಇಂಥ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಅರ್ಧ ಮಾಡುತ್ತದೆ, ಅಷ್ಟೇ. ಏರಿಳಿತವನ್ನು ಸರಿ ಮಾಡುವುದಿಲ್ಲ. ಲೈನ್‌ನಲ್ಲಿ 270 ಬಂದರೆ ಯಂತ್ರಕ್ಕೆ 135. ಮೇಲಾಗಿ 60 ಹರ್ಟ್ಸ್‌ಗೆ ಮಾತ್ರ ಅಂತ ಮಾಡಿದ, ರಿಸೀವರ್ ಒಳಗಿನ ಪವರ್ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಅದನ್ನು ಯಾವ ಫ್ರೀ ಡಬ್ಬವೂ ಬದಲಿಸುವುದಿಲ್ಲ.

ಸರ್ವಿಸ್ ಸೆಂಟರಿನವರು ಸೀರಿಯಲ್ ನಂಬರ್ ನೋಡಿದ ಕೂಡಲೇ ಇದು ಇಂಡಿಯಾಕ್ಕೆ ಬಂದ ಪೀಸ್ ಅಲ್ಲ ಅಂದರು. ವಾರಂಟಿ ಇಲ್ಲ. ದುಡ್ಡು ಕೊಟ್ಟು ಮಾಡಿಸೋಣ ಅಂದರೆ ಆ ಮಾಡೆಲ್‌ನ ಪವರ್ ಬೋರ್ಡ್ ಅವರಲ್ಲಿ ಇಲ್ಲ. ಅಂಗಡಿಯವರು ವೋಲ್ಟೇಜ್ ತೊಂದರೆಗೆ ನಾವು ಹೊಣೆಯಲ್ಲ ಅಂತ ಫೋನ್ ಇಟ್ಟರು. ನನಗೆ ಇವತ್ತಿಗೂ ಸಿಟ್ಟು ಬರುವುದು ಆ ಸೀಲ್ ನೋಡಿದಾಗ. ಬೆಲೆಗಿಂತ ಅದನ್ನೇ ನಂಬಿ ತಂದಿದ್ದೆವು.

ಹಾಗಾಗಿ ಅಂಗಡಿಯಲ್ಲೇ ಡಬ್ಬ ಬಿಚ್ಚಿಸಿ, ರಿಸೀವರನ್ನು ತಿರುಗಿಸಿ. ಹಿಂದೆ 230 ವೋಲ್ಟ್, 50 ಹರ್ಟ್ಸ್ ಅಂತ ಇರಬೇಕು. 220–240 ಅಂತ ಇದ್ದರೂ ಸರಿ. ಡಬ್ಬದ ಮೇಲೆ ಎಂ.ಆರ್‌.ಪಿ. ಚೀಟಿ ಇರಬೇಕು, ಅದರಲ್ಲಿ ಆಮದು ಮಾಡಿದವರ ಹೆಸರು, ವಿಳಾಸ ಇರಬೇಕು. ಹೊರದೇಶದಿಂದ ಬಂದು ಇಲ್ಲಿ ಡಬ್ಬದಲ್ಲಿ ಮಾರುವ ಸಾಮಾನಿಗೆ ಇದು ಕಾನೂನು. ಆ ಚೀಟಿ ಇಲ್ಲ ಅಂದರೆ ಅದು ಹಿಂಬಾಗಿಲಿನಿಂದ ಬಂದ ಮಾಲು ಅಂತಲೇ ತಿಳಿಯಿರಿ. ದುಡ್ಡು ಕೊಡುವ ಮುಂಚೆ ಸೀರಿಯಲ್ ನಂಬರನ್ನು ಕಂಪನಿಯ ಕಸ್ಟಮರ್ ಕೇರ್‌ಗೆ ಹೇಳಿ ಕೇಳಿ. ಬಿಲ್ಲಿನಲ್ಲೂ ಅದೇ ನಂಬರ್ ಬರೆಸಿ. ಎಸ್ಟಿಮೇಟ್ ಅಂತ ಬರೆದ ಚೀಟಿ ಬಿಲ್ಲಲ್ಲ, ಜಿ.ಎಸ್‌.ಟಿ. ಬಿಲ್ಲೇ ಬೇಕು.

ಇನ್ನು ವಾಟ್. ಡಬ್ಬದ ಮೇಲಿನ ದೊಡ್ಡ ಅಂಕೆ ಬಹಳ ಸಲ ಒಂದೇ ಚಾನೆಲ್ ಓಡಿಸಿ, 6 ಓಮ್‌ನಲ್ಲಿ (ಓಮ್ ಅಂದರೆ ಸ್ಪೀಕರ್ ಒಡ್ಡುವ ತಡೆಯ ಅಳತೆ), ಶೇ. 10ರಷ್ಟು ಒಡೆದ ಸದ್ದನ್ನೂ ಸೇರಿಸಿ ಅಳೆದದ್ದು. ಅದನ್ನು ಏಳರಿಂದ ಗುಣಿಸಿದರೆ ಸಾವಿರ ಆಗದೆ ಏನು? ನೀವು ನೋಡಬೇಕಾದ್ದು 8 ಓಮ್, ಎರಡು ಚಾನೆಲ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ಅಂತ ಬರೆದ ಸಾಲು. ಅಲ್ಲಿ 70–80 ವಾಟ್ ಇದ್ದರೆ ಮನೆ ಹಾಲಿಗೆ ಧಾರಾಳ. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಅದೇ 85 ಡೆಸಿಬಲ್ ಸೆನ್ಸಿಟಿವಿಟಿಯ (ಒಂದೇ ವಾಟಿಗೆ ಎಷ್ಟು ಸದ್ದು ಕೊಡುತ್ತದೆ ಅನ್ನುವ ಅಳತೆ) ಸ್ಪೀಕರ್ ಬದಲು 88ರದ್ದು ತಂದರೂ ಅದೇ 3 ಡೆಸಿಬಲ್ ಲಾಭ, ದೊಡ್ಡ ರಿಸೀವರ್ ಬೇಕಾಗಿಯೇ ಇಲ್ಲ.

ದುಡ್ಡು ಹೇಗೆ ಹಂಚಬೇಕು ಅಂತ ಆಮೇಲೆ ಬಹಳ ಜನರನ್ನು ಕೇಳಿ ತಿಳಿದುಕೊಂಡೆ. 25 ಸಾವಿರದ ಒಳಗೆ ಅಂದರೆ ರಿಸೀವರ್ ಆಸೆಯೇ ಬೇಡ. ಒಂದು ಸಣ್ಣ ಕ್ಲಾಸ್-ಡಿ ಸ್ಟೀರಿಯೋ ಆಂಪ್ (ಕಡಿಮೆ ಬಿಸಿಯಾಗುವ ಬಗೆಯ, ಎರಡು ಸ್ಪೀಕರಿನ ಆಂಪ್ಲಿಫೈಯರ್), ಒಂದು ಜೊತೆ ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್ ಸಾಕು. ಈ ಆಂಪ್‌ಗಳಿಗೆ ಲ್ಯಾಪ್‌ಟಾಪಿನಂಥ ಅಡಾಪ್ಟರ್ ಇರುತ್ತದೆ, ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ಓಡುತ್ತದೆ. ಕಡಿಮೆ ವೋಲ್ಟೇಜಿಗೆ ಅದು ಜಗ್ಗುವುದಿಲ್ಲ. ಸುಟ್ಟರೂ ಎಷ್ಟೋ ಸಲ ಅಡಾಪ್ಟರ್ ಒಂದೇ ಹೋಗುತ್ತದೆ. 50 ಸಾವಿರ ಇದ್ದರೂ ನನ್ನ ಮಟ್ಟಿಗೆ ಎರಡು ಸ್ಪೀಕರ್, ಒಂದು ಸಬ್‌ವೂಫರ್ (ದಪ್ಪ ಸದ್ದಿಗೆಂದೇ ಇರುವ ಸ್ಪೀಕರ್) ಮೇಲು. ಅಷ್ಟರಲ್ಲೇ 5.1, ಅಂದರೆ ಐದು ಸ್ಪೀಕರ್ ಜೊತೆಗೊಂದು ಸಬ್‌ವೂಫರ್, ಮಾಡಲು ಹೋದರೆ ಐದೂ ಸ್ಪೀಕರ್ ಸಾಧಾರಣವಾಗುತ್ತವೆ. ಲಕ್ಷದ ಆಸುಪಾಸಿನಲ್ಲಿ ರಿಸೀವರ್ ತಗೊಳ್ಳಿ, ಆದರೆ ಅರ್ಧಕ್ಕಿಂತ ಜಾಸ್ತಿ ದುಡ್ಡು ಸ್ಪೀಕರಿಗೇ ಇಡಿ. ನಮ್ಮಲ್ಲಿ ಶೀಟಿನ ಮೇಲೆ ಮಳೆ ಬಡಿಯುವಾಗ ಸಿನಿಮಾದ ಮಾತು ಕೇಳಬೇಕಲ್ವಾ, ಅದಕ್ಕೆ ಸೆಂಟರ್ ಸ್ಪೀಕರ್ ಗಟ್ಟಿ ಇರಬೇಕು.

ಎರಡು ಲಕ್ಷದ ಮೇಲೆ ಖರ್ಚು ಮಾಡುವವರಿಗೆ ಅಟ್ಮೋಸ್ (ತಲೆಯ ಮೇಲಿಂದಲೂ ಸದ್ದು ಬರುವ ವ್ಯವಸ್ಥೆ) ಅಂತ ಆಸೆ ತೋರಿಸುತ್ತಾರೆ. ಮೇಲಕ್ಕೆ ಮುಖ ಮಾಡಿದ ಸ್ಪೀಕರ್‌ಗಳಿಗೆ ಸಮತಟ್ಟು ಚಾವಣಿ ಬೇಕು, ಸದ್ದು ಅದಕ್ಕೆ ಬಡಿದು ಕೆಳಗೆ ಬರಬೇಕು. ಇಳಿಜಾರು ಹೆಂಚಿನ ಮನೆಯಲ್ಲಿ ಅದು ಎಲ್ಲೋ ಚದುರಿ ಹೋಗುತ್ತದೆ. ಟಿ.ವಿ.ಯಲ್ಲಿ ಬರೀ ಒ.ಟಿ.ಟಿ. ನೋಡುವವರು ಇ-ಆರ್ಕ್‌ಗೆ ಅಂತಲೇ ಜಾಸ್ತಿ ದುಡ್ಡು ಸುರಿಯಬೇಕಾಗಿಲ್ಲ, ಹೆಚ್ಚಿನ ಟಿ.ವಿ.ಗಳಲ್ಲಿ ಸಾದಾ ಆರ್ಕ್‌ನಲ್ಲೇ ಆ ಸದ್ದು ಸಾಗುತ್ತದೆ (ಟಿ.ವಿ.ಯ ಸದ್ದನ್ನು ಎಚ್‌.ಡಿ.ಎಂ.ಐ. ಕೇಬಲ್‌ನಲ್ಲಿ ರಿಸೀವರಿಗೆ ಕಳಿಸುವ ದಾರಿಗೆ ಆರ್ಕ್ ಅನ್ನುತ್ತಾರೆ, ಇ-ಆರ್ಕ್ ಅದರ ಹೊಸ, ದೊಡ್ಡ ರೂಪ). ಬ್ಲೂ-ರೇ ಡಿಸ್ಕಿನ ಸದ್ದು ಟಿ.ವಿ. ಮೂಲಕ ರಿಸೀವರಿಗೆ ಪೂರ್ತಿ ಬರಬೇಕಾದರೆ ಮಾತ್ರ ಇ-ಆರ್ಕ್ ಬೇಕು.

ಯಾವ ಬಜೆಟ್ ಆದರೂ ಅದರಲ್ಲಿ ಒಂದು ಪಾಲು ಕರೆಂಟಿಗೆ ಎತ್ತಿಡಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಸ್ಪೈಕ್ ಗಾರ್ಡ್ ಅರ್ಧಂಬರ್ಧ ಕೆಲಸ ಮಾಡುತ್ತದೆ. ಲೈನ್‌ನಲ್ಲಿ ಕೊಂಬೆ ಬಿದ್ದು ನ್ಯೂಟ್ರಲ್ ತುಂಡಾದರೆ ಮನೆಗೆ 400 ವೋಲ್ಟ್ ಹತ್ತಿರ ಬರಬಹುದು. ಅದಕ್ಕೆ ಮಿತಿ ಮೀರಿದ ಕೂಡಲೇ ಕರೆಂಟ್ ಕಡಿದು ಹಾಕುವ ಹೈ-ಲೋ ಕಟ್-ಆಫ್ ಇರುವ ಸ್ಟೆಬಿಲೈಜರ್ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ. ಪ್ಲಗ್ ಮಾತ್ರ ಅಲ್ಲ, ಡಿಶ್ ಕೇಬಲ್, ಇಂಟರ್ನೆಟ್ ಕೇಬಲ್ ಕೂಡ. ಸಿಡಿಲಿನ ಕರೆಂಟ್ ಆ ದಾರಿಯಲ್ಲಿ ಬಂದು ಎಚ್‌.ಡಿ.ಎಂ.ಐ. ಬೋರ್ಡ್ ಸುಡುತ್ತದೆ. ಸ್ಪೀಕರ್ ಕೋನಿನ ಸುತ್ತ ಫೋಮ್ ಬದಲು ರಬ್ಬರ್ ಇರುವುದನ್ನೇ ಆರಿಸಿ, ನಮ್ಮ ತೇವಕ್ಕೆ ಫೋಮ್ ಬೇಗ ಪುಡಿಯಾಗುತ್ತದೆ.

ಈಗಾಗಲೇ ಸಿಕ್ಕಿಬಿದ್ದವರು ಸುಮ್ನೆ ಕೂರಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಕಾಯ್ದೆ ಪ್ರಕಾರ ನೀವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಅಂಗಡಿ ಎಲ್ಲೇ ಇರಲಿ. ಐದು ಲಕ್ಷದವರೆಗಿನ ಸಾಮಾನಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ನಾವು ಸೀಲ್ ಹಾಕಿದ ಕಾರ್ಡ್, ಯು.ಪಿ.ಐ. ರಸೀದಿ, ಸರ್ವಿಸ್ ಸೆಂಟರಿನವರು ಬರೆದುಕೊಟ್ಟ ಕಾಗದ ಎಲ್ಲ ಜೋಡಿಸಿ ಮಡಿಕೇರಿಯಲ್ಲಿ ದೂರು ಕೊಟ್ಟಿದ್ದೇವೆ. ಆ ಸುಟ್ಟ ಟ್ರಾನ್ಸ್‌ಫಾರ್ಮರನ್ನೂ ಎಸೆದಿಲ್ಲ, ಕೇಳಿದರೆ ತೋರಿಸಲು ಇಟ್ಟಿದ್ದೇವೆ.