ಶ್ವೇತಕುಬ್ಜ ವಿಲೀನಗಳ ಅಧ್ಯಯನಕ್ಕೆ ಚಂದ್ರಾ ಸೂಕ್ತವೋ, ಎಕ್ಸ್‌ಎಂಎಂ-ನ್ಯೂಟನ್ ಸೂಕ್ತವೋ?

1999ರಲ್ಲೇ ಕಕ್ಷೆಗೇರಿದ ಈ ಎರಡು ಎಕ್ಸ್‌-ಕಿರಣ ದೂರದರ್ಶಕಗಳ ಪೈಕಿ ಒಂದನ್ನು ಆರಿಸುವ ಸಂಶೋಧಕರು, ತಮ್ಮ ಪ್ರಶ್ನೆ ಶ್ವೇತಕುಬ್ಜಗಳ (ಇಂಧನ ಮುಗಿದ ನಕ್ಷತ್ರಗಳ ಸಾಂದ್ರ ತಿರುಳುಗಳ) ವಿಲೀನದ ಅವಶೇಷದ ಆಕಾರದ ಕುರಿತಾದದ್ದೋ ಅದರ ಸಂಯೋಜನೆಯ ಕುರಿತಾದದ್ದೋ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು.

ಚಂದ್ರಾದ ಬಲವಿರುವುದು ಸುಮಾರು 0.5 ಆರ್ಕ್‌ಸೆಕೆಂಡಿನಷ್ಟು ಸೂಕ್ಷ್ಮವಾದ ಬಿಂಬದಲ್ಲಿ (ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ). ಎಕ್ಸ್‌ಎಂಎಂ-ನ್ಯೂಟನ್‌ನ ಬಿಂಬ ಹತ್ತು ಪಟ್ಟಿಗಿಂತಲೂ ಮಸುಕು. ಆದರೆ ತಲಾ 58 ಕನ್ನಡಿಗಳನ್ನು ಒಂದರೊಳಗೊಂದು ಜೋಡಿಸಿದ ಅದರ ಮೂರು ದೂರದರ್ಶಕಗಳು ಹೆಚ್ಚು ಫೋಟಾನುಗಳನ್ನು ಸಂಗ್ರಹಿಸುತ್ತವೆ. ಮೃದು ಎಕ್ಸ್‌-ಕಿರಣಗಳ ವಿಷಯದಲ್ಲಂತೂ ಈ ಅಂತರ ನಿರ್ಣಾಯಕ, ಏಕೆಂದರೆ ಚಂದ್ರಾದ ಪ್ರಮುಖ ಕ್ಯಾಮೆರಾದ ಫಿಲ್ಟರ್ ಮೇಲೆ ವರ್ಷಗಳಿಂದ ಶೇಖರವಾಗಿರುವ ಕಲ್ಮಷದ ಪದರವು ಕಡಿಮೆ ಶಕ್ತಿಯ ಕಿರಣಗಳನ್ನು ಹೀರಿಕೊಳ್ಳುತ್ತದೆ.

1181ರ ಸೂಪರ್‌ನೋವಾದ ಅವಶೇಷವೆಂದು ಪರಿಗಣಿಸಲಾಗಿರುವ, ಎರಡು ಶ್ವೇತಕುಬ್ಜಗಳ ವಿಲೀನದಿಂದ ಹುಟ್ಟಿರಬಹುದಾದ ನೀಹಾರಿಕೆಯನ್ನೇ ನೋಡಿ. ಅದರ ಕೇಂದ್ರ ನಕ್ಷತ್ರದಿಂದ ಸೆಕೆಂಡಿಗೆ ಸುಮಾರು 16,000 ಕಿಲೋಮೀಟರ್ ವೇಗದಲ್ಲಿ ಮಾರುತ ಹೊಮ್ಮುತ್ತಿದೆ. ಅಲ್ಲಿ ನಿಯಾನ್, ಮೆಗ್ನೀಸಿಯಂ, ಸಿಲಿಕಾನ್, ಗಂಧಕಗಳ ಗುರುತನ್ನು ವರ್ಣಪಟಲದಲ್ಲಿ ಓದಿ, ವಿಲೀನಗೊಂಡ ಶ್ವೇತಕುಬ್ಜಗಳು ಎಂಥವೆಂದು ಊಹಿಸಲು ನೆರವಾದದ್ದು ಎಕ್ಸ್‌ಎಂಎಂ-ನ್ಯೂಟನ್. ನಕ್ಷತ್ರವನ್ನು ಸುತ್ತುವರಿದ ಒಳಗಿನ ಪುಟ್ಟ ಪ್ರದೇಶದ ವಿಸ್ತಾರವನ್ನು ಅಳೆಯುವುದಾದರೆ ಚಂದ್ರಾಕ್ಕೆ ಸಾಟಿಯಿಲ್ಲ.

ವಿಲೀನದತ್ತ ಸಾಗುತ್ತಿರುವ ಜೋಡಿಗಳ ಲೆಕ್ಕವೇ ಬೇರೆ. ಎಚ್‌ಎಂ ಕ್ಯಾನ್‌ಕ್ರಿ ಎಂಬ ಶ್ವೇತಕುಬ್ಜ ಜೋಡಿ ಸುಮಾರು 321 ಸೆಕೆಂಡಿಗೊಮ್ಮೆ ಪರಸ್ಪರ ಸುತ್ತುತ್ತದೆ; ಆ ಅವಧಿ ನಿಧಾನವಾಗಿ ಕುಗ್ಗುತ್ತಿರುವುದನ್ನು ಹಿಡಿಯಲು ವರ್ಷಗಟ್ಟಲೆ ಮರುವೀಕ್ಷಣೆ ಬೇಕೇ ಹೊರತು ಸೂಕ್ಷ್ಮ ಬಿಂಬವಲ್ಲ.

ಹೊಸ ಅವಶೇಷವೊಂದರ ಮೊದಲ ವೀಕ್ಷಣೆಗೆ ನಾನು ಎಕ್ಸ್‌ಎಂಎಂ-ನ್ಯೂಟನ್ ಅನ್ನೇ ಸೂಚಿಸುತ್ತೇನೆ. ಅದರ ಬಿಂಬದಲ್ಲಿ ನಕ್ಷತ್ರವೂ ನೀಹಾರಿಕೆಯೂ ಬೆರೆತು ಕಂಡರೆ ಆಗ ಚಂದ್ರಾದ ಸಮಯ ಕೋರುವುದು ನ್ಯಾಯ.